ಅಕ್ಕಿ ಕಚ್ಚಿದವರಿಗೆ ಕೆಲಸ

ಮಲೆನಾಡಿನವರಿಗೆ ‘ನಿಮ್ಮ ಬಗ್ಗೆ ನಾಲ್ಕು ಒಳ್ಳೆಯ ಮಾತು ಹೇಳಿ’ ಎನ್ನಬಾರದು. ಹೋಳಿಗೆ ಊಟ ಹೊಡೆದೆದ್ದರೂ ‘ಅಡ್ಡಿಯಿಲ್ಲ’ ಎಂದು ಕೈ ತೊಳೆಯುವ ಜನ ನಾವು. ಇಂಥವರನ್ನು ಹಿಂಡುಗಟ್ಟಲೆ ಒಂದೆಡೆ ಕೂರಿಸಿ, ‘ಪಕ್ಕದವನಿಗಿಂತ ನೀನು ಹೇಗೆ ಮೇಲು, ಹೇಳು’ ಎಂದರೆ ಏನಾಗಬಹುದು? ಶಿವಮೊಗ್ಗದಲ್ಲಿ ಹೊಸದಾಗಿ ಬಾಗಿಲು ತೆರೆಯಲಿದ್ದ ದಿನಸಿ ಮಳಿಗೆಯೊಂದರ ಸಾಮೂಹಿಕ ಸಂದರ್ಶನದಲ್ಲಿ ಆದದ್ದೂ ಅದೇ.

ಜಾಹೀರಾತಿನಲ್ಲಿ ‘ವಯಸ್ಸಿನ ಮಿತಿಯಿಲ್ಲ, ಅನುಭವ ಬೇಕಿಲ್ಲ, ನಗುಮುಖ ಕಡ್ಡಾಯ’ ಎಂದಿತ್ತು. ಆಷಾಢದ ಮಳೆಯಲ್ಲಿ ಹೊಸನಗರದ ಕಡೆಯಿಂದ ಮೊದಲ ಬಸ್ಸಿಗೆ ಬಂದಿಳಿದ ನನ್ನ ಮುಖದಲ್ಲಿ ನಗುವಿಗಿಂತ ನೀರೇ ಹೆಚ್ಚಿತ್ತು. ಸಂದರ್ಶನ ಕಲ್ಯಾಣ ಮಂಟಪದಲ್ಲಿ. ಹಿಂದಿನ ಮದುವೆಯ ಥರ್ಮೋಕೋಲ್ ಅಕ್ಷರಗಳನ್ನು ಯಾರೂ ಕಿತ್ತಿರಲಿಲ್ಲ. ‘ಶುಭ ವಿವಾಹ’ದ ಕೆಳಗೆ, ವಧೂವರರ ಕೆಂಪು ಮಖಮಲ್ಲಿನ ಕುರ್ಚಿಗಳಲ್ಲಿ, ಬೆಂಗಳೂರಿನಿಂದ ಬಂದಿದ್ದ ಇಬ್ಬರು ಅಧಿಕಾರಿಗಳು ಗಂಭೀರವಾಗಿ ಕುಳಿತಿದ್ದರು. ಅಕ್ಷತೆ ಹಾಕಿ ಊಟಕ್ಕೆ ಹೋಗೋಣವೆನಿಸುವಂತಿತ್ತು.

ಬಾಗಿಲಲ್ಲಿ ಒಬ್ಬ ಹುಡುಗಿ ನನ್ನ ಎದೆಗೆ 32 ಎಂಬ ಸ್ಟಿಕರ್ ಅಂಟಿಸಿದಳು. ತೊಯ್ದು ತೊಪ್ಪೆಯಾದ ಅಂಗಿಗೆ ಸ್ಟಿಕರ್ ನಿಲ್ಲುತ್ತದೆಯೇ? ಕುರ್ಚಿಯಲ್ಲಿ ಕೂರುವಷ್ಟರಲ್ಲಿ ಅದು ನೆಲದಲ್ಲಿತ್ತು. ಪಕ್ಕದಲ್ಲಿ ಮಗನ ಜೊತೆಗೆಂದು ಬಂದಿದ್ದ ಹಿರಿಯರೊಬ್ಬರಿದ್ದರು. ಅಡಿಕೆ ಮಂಡಿಯಲ್ಲಿ ತೂಕ ನೋಡಿ ನಿವೃತ್ತರಾದವರಂತೆ. ‘ಕಳೆದುಹೋದೀತು ಮಾರಾಯ’ ಎಂದು ಅದನ್ನು ಹೆಕ್ಕಿ, ಜೋಪಾನವಾಗಿರಲೆಂದು ತಮ್ಮ ಒಣ ಕೋಟಿನ ಮೇಲೆ ಅಂಟಿಸಿಕೊಂಡರು. 33ನೇ ನಂಬರಿನ ಅವರ ಮಗ ಮೊಬೈಲ್ ನೋಡುತ್ತಿದ್ದ.

ಮೊದಲು ಒಂದು ಉಪನ್ಯಾಸ. ಜಗತ್ತಿನಲ್ಲಿ ಮೊದಲ ಬಾರಿಗೆ ಬಾರ್‌ಕೋಡ್ ಓದಿಸಿ ಬಿಲ್ ಮಾಡಿದ್ದು 1974ರ ಜೂನ್ 26ರಂದು, ಅಮೆರಿಕದ ಓಹಾಯೋದ ಅಂಗಡಿಯೊಂದರಲ್ಲಿ, ಒಂದು ಚೂಯಿಂಗ್ ಗಮ್ ಪೊಟ್ಟಣಕ್ಕೆ ಎಂದು ಅಧಿಕಾರಿ ಭಾವುಕರಾಗಿ ಹೇಳಿದರು. ಆಮೇಲೆ ಬಿಸ್ಕತ್ತಿನ ಪೊಟ್ಟಣ ಎತ್ತಿ ತೋರಿಸಿ, ‘ಇದರ ಬಾರ್‌ಕೋಡಿನ ಆರಂಭದಲ್ಲಿ 890 ಎಂದಿದೆ, ಏಕೆ?’ ಎಂದು ಕೇಳಿದರು. ‘ಬೆಲೆ ಸಾರ್’ ಎಂದು ಯಾರೋ ಕೂಗಿದರು. ‘ಅಷ್ಟಾದರೆ ನಮಗೆ ಬೇಡ’ ಎಂದು ಇನ್ನೊಂದು ದನಿ. ಅದು ಭಾರತದಲ್ಲಿ ನೋಂದಾಯಿಸಿಕೊಂಡ ಕಂಪನಿಗಳಿಗೆ ಸಿಗುವ ಸಂಖ್ಯೆ ಎಂದು ಅವರೇ ಹೇಳಿ ನೀರು ಕುಡಿದರು.

ಪ್ರಶ್ನೋತ್ತರ ಶುರುವಾಯಿತು. ‘ನಿಮ್ಮ ದೌರ್ಬಲ್ಯವೇನು?’ ಎಂಬುದಕ್ಕೆ ತೀರ್ಥಹಳ್ಳಿಯ ಹುಡುಗನೊಬ್ಬ, ‘ಮಳೆ ಹಿಡಿದರೆ ನಿದ್ದೆ ಬರುತ್ತದೆ’ ಎಂದ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇವನನ್ನು ಎಬ್ಬಿಸುವವರಾರು? ‘ಐದು ವರ್ಷದ ನಂತರ ಎಲ್ಲಿರುತ್ತೀರಿ?’ ಎಂದರೆ ಇನ್ನೊಬ್ಬ, ‘ಅಡಿಕೆಗೆ ರೇಟು ಬಂದರೆ ತೋಟದಲ್ಲಿ, ಇಲ್ಲವಾದರೆ ಇಲ್ಲೇ’ ಎಂದ. ಇಷ್ಟು ನೇರವಾದ ಉತ್ತರಕ್ಕೆ ಪೂರ್ತಿ ಅಂಕ ಕೊಡಬೇಕಿತ್ತು. ಅಧಿಕಾರಿ ಕನ್ನಡಕ ತೆಗೆದು ಒರೆಸಿಕೊಂಡರು. ‘ನಿಮ್ಮ ಕಡೆಯಿಂದ ಪ್ರಶ್ನೆಗಳಿವೆಯೇ?’ ಎಂದದ್ದೇ ತಡ, ಎಲ್ಲರದೂ ಒಂದೇ ಪ್ರಶ್ನೆ: ‘ಕೊನೆಕೊಯ್ಲಿಗೆ ರಜೆ ಸಿಗುತ್ತದೆಯೇ?’ ಅಡಿಕೆ ಗೊನೆ ಇಳಿಸುವ ಕೆಲಸವದು; ಅದು ಯಾವ ಹಬ್ಬ ಎಂದು ಬೆಂಗಳೂರಿನವರು ತಮ್ಮತಮ್ಮಲ್ಲೇ ಕೇಳಿಕೊಂಡರು.

ನಂತರ ಚೀಲ ತುಂಬುವ ಆಟ. ಮೇಜಿನ ಮೇಲೆ ಅಕ್ಕಿ, ತೆಂಗಿನಕಾಯಿ, ಮೊಟ್ಟೆ, ಬ್ರೆಡ್, ಫಿನಾಯಿಲ್, ಊದಿನಕಡ್ಡಿ. ಭಾರದ್ದು ಕೆಳಗೆ, ಒಡೆಯುವಂಥದ್ದು ಮೇಲೆ, ಫಿನಾಯಿಲ್ ಬೇರೆ ಚೀಲಕ್ಕೆ ಎಂಬುದು ಅವರ ಸರಿಯುತ್ತರ. ಆದರೆ ನಮ್ಮ ತಂಡ ಮೊಟ್ಟೆಯ ಜೊತೆ ಊದಿನಕಡ್ಡಿ ಇಡಬಹುದೇ ಎಂಬಲ್ಲೇ ಸಿಕ್ಕಿಕೊಂಡಿತು. ‘ದೇವರಿಗೆ ಹಚ್ಚುವುದು ಸ್ವಾಮಿ, ಅದಕ್ಕೊಂದು ಚೀಲ ಕೊಡಿ’ ಎಂದರು ಹಿರಿಯರು, ಅಂದರೆ ನನ್ನ ನಂಬರು. ಅದಕ್ಕೊಂದು, ಫಿನಾಯಿಲಿಗೊಂದು, ಮೊಟ್ಟೆಗೊಂದು ಎಂದು ಚೀಲಗಳು ಹೆಚ್ಚುತ್ತಾ ಹೋದವು. ಅಧಿಕಾರಿಗೆ ನಗು ಬಂತು; 32ರ ಮುಂದೆ ಏನೋ ಬರೆದುಕೊಂಡರು. ‘ಆ ಸ್ಟಿಕರ್ ನನ್ನದು’ ಎನ್ನಲು ನಾನು ಬಾಯಿ ತೆರೆದೆ. ನಂಬರಿಲ್ಲದವರು ಮಾತನಾಡಬಾರದೆಂದು ಬಾಗಿಲ ಹುಡುಗಿ ಸನ್ನೆ ಮಾಡಿದಳು.

ಕೊನೆಯದಾಗಿ ಸೋನಾ ಮಸೂರಿಯ ಒಂದು ಕಿಲೋ ಪೊಟ್ಟಣ ಕೈಗೆ ಕೊಟ್ಟು, ‘ಇದನ್ನು ನನಗೆ ಮಾರಿ’ ಎಂದರು. ಹುಡುಗರೆಲ್ಲ ರಿಯಾಯಿತಿ, ಉಚಿತ ಕೊಡುಗೆ ಎಂದು ಒದರಿದರು. ಸರದಿ ಬಂದಾಗ ಹಿರಿಯರು ಪೊಟ್ಟಣವನ್ನು ಅಂಗೈಯಲ್ಲಿ ಎರಡು ಸಲ ಕುಪ್ಪಳಿಸಿ, ‘ತೂಕ ಸರಿ ಇದೆ’ ಎಂದರು. ಯಾರೂ ತಡೆಯುವ ಮೊದಲೇ ಅದರ ಮೂಲೆ ಹರಿದು ನಾಲ್ಕು ಕಾಳು ಬಾಯಿಗೆ ಹಾಕಿ, ಮುಂಬಲ್ಲಿನಲ್ಲಿ ಕಟಕ್ಕೆಂದು ಕಡಿದರು. ಸಭೆ ಸ್ತಬ್ಧ. ‘ಹಳೆಯ ಅಕ್ಕಿ. ಹೊಸದಾಗಿದ್ದರೆ ಹಲ್ಲಿಗೆ ಮೆತ್ತಗೆ ಸಿಗುತ್ತಿತ್ತು. ಅನ್ನ ಉದುರುದುರಾಗಿ ಹಿಗ್ಗುತ್ತದೆ, ಹೆದರದೆ ತೆಗೆದುಕೊಳ್ಳಿ. ಆದರೆ ಗಂಜಿಗೆ ಬೇಡ ಮಾರಾಯರೇ, ಗಂಜಿಗೆ ಕುಚ್ಚಲಕ್ಕಿಯೇ ಆಗಬೇಕು.’ ಗಿರಾಕಿಗೆ ‘ಇದು ಬೇಡ’ ಎನ್ನುವ ಮಾರಾಟಗಾರನನ್ನು ಅಧಿಕಾರಿ ಆವರೆಗೆ ಕಂಡಿರಲಾರರು. ಎದ್ದು ನಿಂತು ಚಪ್ಪಾಳೆ ತಟ್ಟಿದರು. 33 ಮಾತ್ರ ಮೊಬೈಲಿನಿಂದ ತಲೆ ಎತ್ತಲಿಲ್ಲ.

ನಾಲ್ಕು ದಿನ ಬಿಟ್ಟು ಫೋನ್ ಬಂತು. ಅರ್ಜಿಯಲ್ಲಿದ್ದದ್ದು ನನ್ನ ಫೋನ್ ನಂಬರು ತಾನೇ.

‘ಮೂವತ್ತೆರಡು ತಾನೇ? ಅಭಿನಂದನೆಗಳು. ಅಕ್ಕಿ, ಬೇಳೆ ವಿಭಾಗ ನಿಮ್ಮದೇ, ಸೋಮವಾರ ಬನ್ನಿ. ಫೋನಿನಲ್ಲಿ ನಿಮ್ಮ ದನಿ ಬಹಳ ಎಳೆಯದಾಗಿ ಕೇಳುತ್ತದೆ ಸಾರ್.’

‘ಮಳೆಗೆ ಲೈನ್ ಸರಿಯಿಲ್ಲ’ ಎಂದೆ.

‘ಇನ್ನೊಂದು ವಿಷಯ, ಬೇಸರಿಸಬಾರದು. ನಿಮ್ಮ ಮಗನಿಗೆ ಈ ಸಲ ಆಗಲಿಲ್ಲ. ಅವನಿಗೆ ನೀವೇ ಸಮಾಧಾನ ಹೇಳಬೇಕು.’

ಹೇಳುತ್ತೇನೆ ಎಂದೆ. ನನಗಿನ್ನೂ ಮದುವೆಯೇ ಆಗಿಲ್ಲ ಎಂಬುದನ್ನು ತಿಳಿಸಲು ಅದು ಸಮಯವಲ್ಲ ಎನಿಸಿತು.