ಹೆಸರು ಹೇಳಿದರೂ ಬರೆದುಕೊಳ್ಳಲಿಲ್ಲ

ಕಳೆದ ಸಲ ಬೆಂಗಳೂರಿಗೆ ಬಂದಾಗ, ಎಂಬತ್ತು ದಾಟಿದ ದೊಡ್ಡಪ್ಪನನ್ನು ಕರೆದುಕೊಂಡು ಒಂದು ಚಿಕ್ಕ ಮ್ಯೂಸಿಯಂಗೆ ಹೋಗಿದ್ದೆ. ಯಾವುದು ಅನ್ನುವುದು ಬೇಡ. ಒಳಗಿನ ಮೇಜಿನ ಮೇಲೆ ಹಳೆಯ ಫೋಟೊಗಳ ಕಟ್ಟು, ಪಕ್ಕದ ಬೀರುವಿನಲ್ಲಿ ಸ್ಪೂಲ್ ಟೇಪುಗಳು. ಯಾರು ಕೊಟ್ಟದ್ದು, ಯಾವಾಗಿನದು, ಯಾರ ದನಿ, ಒಂದೂ ಗೊತ್ತಿಲ್ಲವಂತೆ. ಮೇಲಿದ್ದ ಫೋಟೊದಲ್ಲಿ ಒಂದು ನಾಟಕ ತಂಡ, ಹಿಂದೆ ಸಾರುವೆ ಕಟ್ಟಿದ ವಿಧಾನಸೌಧ. ದೊಡ್ಡಪ್ಪ ಬಗ್ಗಿ ನೋಡಿದರು. “ಈ ಕೊನೇಲಿ ನಿಂತಿರೋರು ನಮ್ಮ ಬೀದಿಯ ಹಾರ್ಮೋನಿಯಂ ಮೇಷ್ಟ್ರು ಕಣೋ” ಅಂದರು. ಹೆಸರು ಹೇಳಿದರು. ಅವರ ಮನೆ ಯಾವ ಕ್ರಾಸಿನಲ್ಲಿತ್ತು ಅನ್ನುವುದನ್ನೂ ಹೇಳಿದರು.

ಅಲ್ಲಿದ್ದವರು ಮರ್ಯಾದೆಯಿಂದಲೇ ಉತ್ತರ ಕೊಟ್ಟರು. “ಹಾಗೆಲ್ಲ ಬರ್ಕೊಳ್ಳೋಕೆ ಬರಲ್ಲ ಸರ್. ಒಂದು ಲೆಟರ್ ಕೊಡಿ, ಕಮಿಟಿ ಮುಂದೆ ಇಡ್ತೀವಿ.” ಅವರ ಕೈಯಲ್ಲಿ ಪೆನ್ನು ಇತ್ತು. ಅದೇ ನನಗೆ ಚುಚ್ಚಿದ್ದು.

ನಾನಿರುವುದು ಆಮ್‌ಸ್ಟರ್‌ಡ್ಯಾಮಿನಲ್ಲಿ. ಇಲ್ಲಿನ ಟ್ರೋಪೆನ್‌ಮ್ಯೂಸಿಯಂನಲ್ಲಿ (ಈಗ ಅದು ವೆರೆಲ್ಡ್‌ಮ್ಯೂಸಿಯಂ) 300ಕ್ಕೂ ಹೆಚ್ಚು ಅನಾಥ ಫೋಟೊ ಆಲ್ಬಂಗಳಿದ್ದವು. ಎರಡನೇ ಮಹಾಯುದ್ಧದಲ್ಲಿ ಜಪಾನೀಯರು ಇಂಡೋನೇಷ್ಯಾವನ್ನು ಹಿಡಿದಾಗ ಅಲ್ಲಿದ್ದ ಡಚ್ ಕುಟುಂಬಗಳು ಶಿಬಿರಗಳ ಪಾಲಾದವು. ಮನೆಯಲ್ಲಿದ್ದದ್ದು ಮನೆಯಲ್ಲೇ ಉಳಿಯಿತು. ಆಮೇಲೆ ಸಿಕ್ಕ ಆಲ್ಬಂಗಳನ್ನು ವಾರಸುದಾರರಿಗೆ ಮುಟ್ಟಿಸಲೆಂದು ಹಾಲೆಂಡಿಗೆ ಕಳಿಸಿದರು. ಕೇಳಿಕೊಂಡು ಯಾರೂ ಬಾರದವು ಮ್ಯೂಸಿಯಂ ಸೇರಿದವು. ಮದುವೆ, ಮಗುವಿನ ಹುಟ್ಟುಹಬ್ಬ, ತೋಟದ ಮನೆ, ಎಲ್ಲ ಇವೆ. ಯಾರದೆಂದು ಮಾತ್ರ ಗೊತ್ತಿಲ್ಲ.

ಅವರು ಮಾಡಿದ್ದು ಇಷ್ಟೇ. ಪುಟಪುಟವನ್ನೂ ಸ್ಕ್ಯಾನ್ ಮಾಡಿ ಎಲ್ಲರ ಮುಂದೆ ಇಟ್ಟರು. ನಮಗೆ ಗೊತ್ತಿಲ್ಲ, ನಿಮಗೆ ಗೊತ್ತಿದ್ದರೆ ಹೇಳಿ ಅಂದರು. ಜನ ತಮ್ಮ ಅಜ್ಜಿಯನ್ನು, ಚಿಕ್ಕಪ್ಪನನ್ನು ಗುರುತಿಸಿದರು. ಮನೆಯವರು ಸಿಕ್ಕ ಆಲ್ಬಂಗಳು ಮನೆಗೆ ಹೋದವು.

ನನಗೆ ಹಿಡಿಸಿದ್ದು ತಂತ್ರಜ್ಞಾನ ಅಲ್ಲ. ಗೊತ್ತಿಲ್ಲ ಅಂತ ಹೇಳಲು ಅವರಿಗೆ ಸಂಕೋಚ ಇಲ್ಲವಲ್ಲ, ಅದು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಕೂಡ 2008ರಲ್ಲಿ ಸಾವಿರಾರು ಹಳೆಯ ಫೋಟೊಗಳನ್ನು ಫ್ಲಿಕರ್ ಅನ್ನುವ ಫೋಟೊ ಜಾಲತಾಣದಲ್ಲಿ ಹಾಕಿತು. ಜನ ಬರೆದ ಹೆಸರು, ಜಾಗಗಳನ್ನು ಸಿಬ್ಬಂದಿ ಪರೀಕ್ಷಿಸಿ ಕ್ಯಾಟಲಾಗಿಗೆ ಸೇರಿಸಿದರು. ನಮ್ಮಲ್ಲಿ ಪೂರ್ತಿ ಗೊತ್ತಾಗುವವರೆಗೆ ಬೀರುವಿಗೆ ಬೀಗ. ಬೀಗ ಹಾಕಿಟ್ಟರೆ ಗೊತ್ತಾಗುವುದಾದರೂ ಹೇಗೆ?

ದೊಡ್ಡಪ್ಪ ಹೇಳಿದ್ದು ತಪ್ಪಿರಬಹುದು. ಇರಲಿ. ಯಾರು ಹೇಳಿದರು, ಯಾವತ್ತು ಹೇಳಿದರು ಅಂತ ಸೇರಿಸಿ ಬರೆದರಾಯಿತು. ಖಚಿತವಾದದ್ದು ಒಂದು ಕಡೆ, ಕೇಳಿದ್ದು ಇನ್ನೊಂದು ಕಡೆ. ವಿಧಾನಸೌಧಕ್ಕೆ ಅಡಿಗಲ್ಲು ಹಾಕಿದ್ದು 1951ರಲ್ಲಿ, ಕಟ್ಟಡ ಮುಗಿದದ್ದು 1956ರಲ್ಲಿ. ಹಾಗಾದರೆ ಆ ಫೋಟೊ ಆ ನಡುವಿನದು. ಮೇಷ್ಟ್ರು ಆಗ ಆ ತಂಡದಲ್ಲಿದ್ದರಾ ಅಂತ ಹುಡುಕಲು ಒಂದು ದಾರಿ ಸಿಕ್ಕಿತು, ಅಲ್ವಾ? ನಮ್ಮ ಊರಿನಲ್ಲಿ ಇಂಥ ಗುರುತುಗಳು ಬೇಕಾದಷ್ಟಿವೆ. ಬೀದಿಯಲ್ಲಿ ವಿದ್ಯುತ್ ದೀಪದ ಕಂಬ ಕಂಡರೆ ಫೋಟೊ 1905ಕ್ಕಿಂತ ಹಿಂದಿನದಲ್ಲ. ಫೋಟೊ ಅಂಟಿಸಿದ ರಟ್ಟಿನ ಮೇಲೆ ಸ್ಟುಡಿಯೊ ಮುದ್ರೆ ಇರುತ್ತದೆ, ಹಿಂಬದಿ ಪೆನ್ಸಿಲಿನಲ್ಲಿ ಏನಾದರೂ ಗೀಚಿರುತ್ತಾರೆ. ಅದಕ್ಕೇ ಹಿಂಬದಿಯನ್ನೂ ಸ್ಕ್ಯಾನ್ ಮಾಡಬೇಕು. ಫೋಟೊಗಳಿದ್ದ ಲಕೋಟೆಯನ್ನು ಎಸೆಯಬಾರದು. ಕಟ್ಟಿನಲ್ಲಿ ಯಾವುದರ ಪಕ್ಕ ಯಾವುದಿತ್ತು ಅನ್ನುವುದೂ ಒಂದು ಸುಳಿವು.

ದನಿಯ ವಿಷಯ ಇನ್ನೂ ಕಷ್ಟ. ಮುಖವನ್ನಾದರೆ ಐವತ್ತು ವರ್ಷ ಬಿಟ್ಟು ಇನ್ನೊಂದು ಫೋಟೊ ಜೊತೆ ಹೋಲಿಸಬಹುದು. ದನಿ ಗುರುತಿಸಲು ಆ ದನಿಯನ್ನು ಕೇಳಿ ಬೆಳೆದವರು ಬೇಕು. ಗ್ರಾಮಫೋನ್ ತಟ್ಟೆಯಲ್ಲಿ ಲೇಬಲ್ ಹರಿದುಹೋದರೂ ಅದರ ಸುತ್ತ ಕೊರೆದ ಮ್ಯಾಟ್ರಿಕ್ಸ್ ನಂಬರ್, ಅಂದರೆ ಕಂಪನಿ ಆ ಮುದ್ರಣಕ್ಕೆ ಕೊಟ್ಟ ಗುರುತಿನ ಸಂಖ್ಯೆ, ಉಳಿಯುತ್ತದೆ. ಮೈಸೂರಿನಲ್ಲಿ 1930ರಲ್ಲಿ ತೀರಿಕೊಂಡ ಗಾಯಕಿ ಗೌಹರ್ ಜಾನ್ ಅಂತೂ ಹಾಡಿನ ಕೊನೆಗೆ ತಮ್ಮ ಹೆಸರನ್ನು ತಾವೇ ಹೇಳುತ್ತಿದ್ದರು. ಮನೆಯಲ್ಲಿ ತುಂಬಿದ ಸ್ಪೂಲ್ ಟೇಪಿಗೆ ಇದ್ಯಾವುದೂ ಇಲ್ಲ. ಆರ್ನಾಲ್ಡ್ ಬಾಕೆ ಅನ್ನುವ ಡಚ್ ವಿದ್ವಾಂಸರು 1938ರಲ್ಲಿ ದಕ್ಷಿಣ ಭಾರತ ಸುತ್ತಿ ಹಾಡು, ಕುಣಿತಗಳನ್ನು ದಾಖಲಿಸಿದ್ದರು. ಸಂಗೀತ ಸಂಶೋಧಕರಾದ ನಜೀರ್ ಜೈರಾಜ್‌ಭಾಯ್ ಮತ್ತು ಏಮಿ ಕ್ಯಾಟ್ಲಿನ್ 1984ರಲ್ಲಿ ಅದೇ ದಾಖಲೆಗಳನ್ನು ಹಿಡಿದುಕೊಂಡು ಕರ್ನಾಟಕ, ಕೇರಳ, ತಮಿಳುನಾಡಿಗೆ ಬಂದರು. ಹಾಡು ಹುಟ್ಟಿದ ಊರಿಗೇ ಹೋಗಿ ಕೇಳಿದರು. ನಮ್ಮ ಬೀರುವಿನ ಟೇಪುಗಳಿಗೆ ಅಷ್ಟು ದೂರ ಹೋಗಬೇಕಿಲ್ಲ. ಪಕ್ಕದ ಬೀದಿಗೆ ಹೋದರೆ ಸಾಕು.

ಕಮಿಟಿಯವರ ಭಯ ಸುಳ್ಳಲ್ಲ, ಒಪ್ಪುತ್ತೇನೆ. ನಮ್ಮ ಕಾನೂನಿನಲ್ಲಿ ಫೋಟೊಗೆ ತೆಗೆದವರು ಬದುಕಿರುವಷ್ಟು ಕಾಲ ಮತ್ತು ಆಮೇಲೆ 60 ವರ್ಷ, ಧ್ವನಿಮುದ್ರಣಕ್ಕೆ ಪ್ರಕಟವಾದಲ್ಲಿಂದ 60 ವರ್ಷ ಕಾಪಿರೈಟ್ ಇದೆ. ತೆಗೆದವರು ಯಾರೆಂದೇ ಗೊತ್ತಿಲ್ಲದ್ದನ್ನು, ಪ್ರಕಟವೇ ಆಗದ್ದನ್ನು ಲೆಕ್ಕ ಹಾಕುವುದು ಹೇಗೆ? ಕರ್ತೃ ಯಾರೆಂದು ತಿಳಿಯದಿದ್ದರೆ 31ಎ ಕಲಮಿನಡಿ ಪರವಾನಗಿ ಕೇಳಬಹುದು, ಆದರೆ ಮೊದಲು ಪತ್ರಿಕೆಯಲ್ಲಿ ಜಾಹೀರಾತು ಕೊಡಬೇಕು. ಚಿಕ್ಕ ಮ್ಯೂಸಿಯಂಗೆ ಅದು ದುಡ್ಡಿನ ಮಾತು. ತುಳುನಾಡಿನ ದೈವದ ಕಥೆ ಹೇಳುವ ಪಾಡ್ದನವನ್ನೋ ಸಾವಿನ ಮನೆಯ ಹಾಡನ್ನೋ ಹಾಡಿದವರ ಕಡೆಯವರನ್ನು ಕೇಳದೆ ಎಲ್ಲರಿಗೂ ತೆರೆದಿಡುವುದು ಸರಿಯೂ ಅಲ್ಲ. ಬೆಂಗಳೂರು ಪೂರ್ತಿ ಮಲಗಿದೆ ಅಂದರೂ ತಪ್ಪಾಗುತ್ತದೆ. ಕಸ್ತೂರಬಾ ರಸ್ತೆಯ ಮ್ಯಾಪ್ (ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೊಗ್ರಫಿ) 2023ರಲ್ಲಿ ಬಾಗಿಲು ತೆರೆಯುವ ಮೊದಲೇ ಆನ್‌ಲೈನಿಗೆ ಬಂದಿತ್ತು.

ಇನ್ನೊಂದು ಮಾತು ಹೇಳಲು ಮನಸ್ಸಿಲ್ಲ, ಆದರೂ ಹೇಳಬೇಕು. ಆ ಡಚ್ ಆಲ್ಬಂಗಳ ವಾರಸುದಾರರ ಹುಡುಕಾಟ ಇಲ್ಲಿ ಜೋರಾದದ್ದು 2012ರ ಸುಮಾರಿಗೆ. ಅದಕ್ಕೆ ಮೊದಲು ದಶಕಗಟ್ಟಲೆ ಅವು ಡಚ್ಚರ ಉಗ್ರಾಣದಲ್ಲೂ ಸುಮ್ನೆ ಬಿದ್ದಿದ್ದವು. ಅಷ್ಟರಲ್ಲಿ ಗುರುತಿಸಬೇಕಾದವರಲ್ಲಿ ಎಷ್ಟೋ ಜನ ಇರಲೇ ಇಲ್ಲ. ಆ ಲೆಕ್ಕಕ್ಕೆ ನಮ್ಮವರಿಗೆ ಅನುಕೂಲ ಜಾಸ್ತಿ. 1950ರ ದಶಕದ ಹುಡುಗರು ಬಸವನಗುಡಿ, ಮಲ್ಲೇಶ್ವರದಲ್ಲಿ ಇನ್ನೂ ಬೆಳಿಗ್ಗೆ ವಾಕಿಂಗ್ ಹೋಗುತ್ತಿದ್ದಾರೆ. ಒಂದು ಭಾನುವಾರ ಪಾರ್ಕಿನ ಗೇಟಿನ ಹತ್ತಿರ ಮೇಜು ಹಾಕಿ, ಫೋಟೊಗಳ ದೊಡ್ಡ ಪ್ರಿಂಟು ಹರಡಿ, ಹೇಳಿದ್ದನ್ನು ಬರೆದುಕೊಳ್ಳಲಿ. ಟೇಪುಗಳನ್ನೂ ಮೊಬೈಲಿಗೆ ಇಳಿಸಿಕೊಂಡು ಬಂದರೆ ಒಂದು ಹೆಡ್‌ಫೋನ್ ಸಾಕು.