ಶುಕ್ರವಾರ ರಾತ್ರಿ ಹೊರಡುವ ಬೆಟ್ಟ

ಮೊದಲ ಸಲ ಬೆಟ್ಟ ಹತ್ತಬೇಕು ಅಂತ ಮನಸ್ಸು ಮಾಡಿದ ಬೆಂಗಳೂರಿನವರು ಯಾವ ಬೆಟ್ಟ, ಯಾವ ದಾರಿ ಅಂತ ಹೇಗೆ ಆರಿಸುತ್ತಾರೆ ಗೊತ್ತಾ? ಬಹಳ ಸುಲಭ. ಶುಕ್ರವಾರ ರಾತ್ರಿ ಟೆಂಪೋ ಟ್ರಾವೆಲರ್ ಹತ್ತಿದರೆ ಸೋಮವಾರ ಬೆಳಗ್ಗೆ ಲಾಗಿನ್ ಆಗುವ ಹೊತ್ತಿಗೆ ವಾಪಸ್ ತಂದು ಬಿಸಾಕುವ ಬೆಟ್ಟವೇ ಒಳ್ಳೆಯ ಬೆಟ್ಟ. ಹಿಂದಿನ ವಾರ ಆಫೀಸಿನ ಯಾರಾದರೂ ಅದರ ತುದಿಯಲ್ಲಿ ಎರಡೂ ಕೈ ಅಗಲಿಸಿ ನಿಂತು ರೀಲ್ಸ್ ಹಾಕಿದ್ದರಂತೂ ಮುಗಿದೇ ಹೋಯಿತು, ಬೇರೆ ಬೆಟ್ಟ ನೋಡುವ ಪ್ರಶ್ನೆಯೇ ಇಲ್ಲ. ಹತ್ತುವವರ ಮಂಡಿ, ಉಸಿರು, ಶೂ ಇವುಗಳಿಗೆ ಈ ಆಯ್ಕೆ ಸಮಿತಿಯಲ್ಲಿ ಸೀಟಿಲ್ಲ.

ಹಾಗಾಗಿ ರಾಜ್ಯದಲ್ಲಿ ಇಷ್ಟೊಂದು ಬೆಟ್ಟ ಇದ್ದರೂ ಹೊಸಬರೆಲ್ಲ ಸೀದಾ ಹೋಗಿ ಇಳಿಯುವುದು ಕುಕ್ಕೆ ಸುಬ್ರಹ್ಮಣ್ಯದಲ್ಲಿ, ಕುಮಾರ ಪರ್ವತದ ಬುಡದಲ್ಲಿ. ಪ್ಯಾಕೇಜ್ ಮಾರುವವರಿಗೆ ಫೋನ್ ಮಾಡಿದರೆ ಮಾತುಕತೆ ಹೆಚ್ಚುಕಮ್ಮಿ ಹೀಗಿರುತ್ತದೆ.

"ಸರ್, ಫಸ್ಟ್ ಟೈಮಾ? ಹಾಗಾದ್ರೆ ಇದೇ ಬೆಸ್ಟ್. ಮಾಡರೇಟ್ ಲೆವೆಲ್."

"ಮಾಡರೇಟ್ ಅಂದ್ರೆ?"

"ಅಂದ್ರೆ ಬ್ರೇಕ್‌ಫಾಸ್ಟ್ ನಮ್ಮ ಕಡೆಯಿಂದಾನೇ ಸರ್."

ಇಷ್ಟು ವಿವರ ಸಿಕ್ಕ ಮೇಲೆ ಇನ್ನೇನು ಬೇಕು? ಆದರೂ ಕೆಲವರು ಬುದ್ಧಿವಂತರು ಸ್ವಂತ ಸಂಶೋಧನೆ ಮಾಡುತ್ತಾರೆ. ಎತ್ತರ ಎಷ್ಟು ಅಂತ ಗೂಗಲ್‌ನಲ್ಲಿ ನೋಡುತ್ತಾರೆ. ಮುಳ್ಳಯ್ಯನಗಿರಿ 1930 ಮೀಟರ್, ಇಡೀ ಕರ್ನಾಟಕಕ್ಕೇ ಎತ್ತರ. ಕುಮಾರ ಪರ್ವತ 1712 ಮೀಟರ್. ಓಹೋ, ಇದು ಗಿಡ್ಡ, ಮೊದಲು ಇದನ್ನು ಹತ್ತಿ ಅಭ್ಯಾಸ ಮಾಡಿಕೊಂಡು ಆಮೇಲೆ ಮುಳ್ಳಯ್ಯನಗಿರಿಗೆ ಹೋಗೋಣ ಅಂತ ತೀರ್ಮಾನ. ಮುಳ್ಳಯ್ಯನಗಿರಿಯ ತುದಿಯ ಹತ್ತಿರದವರೆಗೂ ಗಾಡಿ ಹೋಗುತ್ತದೆ, ಆಮೇಲೆ ಉಳಿಯುವುದು ಮೆಟ್ಟಿಲು ಮಾತ್ರ. ನಡೆದೇ ಹೋಗ್ತೀವಿ ಅನ್ನುವವರಿಗೆ ಸರ್ಪದಾರಿ ಇದೆ, ಅದೂ ಕೆಲವೇ ಕಿಲೋಮೀಟರ್. ಕುಕ್ಕೆ ಇರುವುದೋ ಸಮುದ್ರಮಟ್ಟದಿಂದ ನೂರು ಚಿಲ್ಲರೆ ಮೀಟರ್ ಎತ್ತರದಲ್ಲಿ. ಅಲ್ಲಿಂದ ಕುಮಾರ ಪರ್ವತದ ತುದಿಗೆ ಸುಮಾರು 1600 ಮೀಟರ್ ಏರಬೇಕು, ಅಷ್ಟನ್ನೂ ಸ್ವಂತ ಕಾಲಿನಲ್ಲೇ. ಗೂಗಲ್ ಎತ್ತರವನ್ನು ಸಮುದ್ರದಿಂದ ಅಳೆಯುತ್ತೆ. ಮಂಡಿ ಬಸ್‌ಸ್ಟ್ಯಾಂಡಿನಿಂದ ಅಳೆಯುತ್ತೆ.

ಸ್ಕಾಟ್ಲೆಂಡಿನಲ್ಲಿ ನೈಸ್ಮಿತ್ ಅಂತ ಒಬ್ಬ ಬೆಟ್ಟ ಹತ್ತುವ ಮಹಾನುಭಾವ ಇದ್ದ. 1892ರಲ್ಲಿ ಒಂದು ಲೆಕ್ಕ ಹೇಳಿಕೊಟ್ಟ. ನಡೆಯುವ ಪ್ರತಿ ಮೂರು ಮೈಲಿಗೆ, ಅಂದರೆ ಸುಮಾರು ಐದು ಕಿಲೋಮೀಟರಿಗೆ, ಒಂದು ಗಂಟೆ ಇಡಿ. ಏರುವ ಪ್ರತಿ 2000 ಅಡಿಗೆ, ಅಂದರೆ ಸುಮಾರು 600 ಮೀಟರಿಗೆ, ಇನ್ನೊಂದು ಗಂಟೆ ಸೇರಿಸಿ. ಕುಕ್ಕೆಯಿಂದ ತುದಿಗೆ ಸುಮಾರು 13 ಕಿಲೋಮೀಟರ್ ದಾರಿ. ಕೂಡಿಸಿ ನೋಡಿದರೆ ಹತ್ತುವುದಕ್ಕೇ ಐದು ಗಂಟೆ ದಾಟುತ್ತದೆ. ಇದು ಚಳಿ ದೇಶದ, ನಡೆದು ರೂಢಿಯಿರುವ, ಎಲ್ಲೂ ಕೂರದ ಮನುಷ್ಯನ ಲೆಕ್ಕ. ಇದರಲ್ಲಿ ನೆರಳಿಲ್ಲದ ಹುಲ್ಲುಗುಡ್ಡದ ಬಿಸಿಲು ಸೇರಿಲ್ಲ. ಸೆಲ್ಫಿ ಸೇರಿಲ್ಲ. ರಾತ್ರಿಯಿಡೀ ಟೆಂಪೋದ ಹಿಂದಿನ ಸೀಟಲ್ಲಿ ನೆಗೆದು ನೆಗೆದು ನಿದ್ದೆಗೆಟ್ಟು ಬಂದದ್ದೂ ಸೇರಿಲ್ಲ. ನೈಸ್ಮಿತ್ ಪಾಪ, ಶಿರಾಡಿ ಘಾಟಿ ನೋಡಿರಲಿಲ್ಲ.

ಇನ್ನು ದಾರಿ ಯಾವುದು ಅನ್ನೋ ಪ್ರಶ್ನೆ. ಕುಮಾರ ಪರ್ವತಕ್ಕೆ ಇನ್ನೊಂದು ಕಡೆಯಿಂದಲೂ ಹತ್ತಬಹುದು, ಸೋಮವಾರಪೇಟೆ ಕಡೆಯ ಬೀದಳ್ಳಿಯಿಂದ. ಅಲ್ಲಿ ಬುಡವೇ ಸಾಕಷ್ಟು ಎತ್ತರದಲ್ಲಿದೆ, ದೂರವೂ ಹೆಚ್ಚುಕಮ್ಮಿ ಅರ್ಧ. ಬಂಡೆ ಮೇಲೆ ಜಾಗ್ರತೆಯಾಗಿ ಕಾಲಿಡಬೇಕು, ಅದು ಬೇರೆ ಮಾತು. ಹೊಸಬರು ಇಲ್ಲಿಂದ ಹತ್ತಿ ಇಲ್ಲಿಗೇ ಇಳಿದರೆ ಮನೆಗೆ ಮರ್ಯಾದೆಯಿಂದ ನಡೆದುಕೊಂಡು ಹೋಗಬಹುದು. ಆದರೆ ಪ್ಯಾಕೇಜಿಗೆ ತೂಕ ಬರಬೇಕಲ್ಲ! ಅದಕ್ಕೇ 'ಬೀದಳ್ಳಿಯಲ್ಲಿ ಹತ್ತು, ಕುಕ್ಕೆಯಲ್ಲಿ ಇಳಿ' ಅನ್ನುವ ಪ್ಲಾನು. ಹತ್ತುವ ದೂರ ಮಾತ್ರ ದಪ್ಪ ಅಕ್ಷರದಲ್ಲಿ ಇರುತ್ತದೆ. ಇಳಿಯುವುದು ಹೇಗೂ ಇಳಿಜಾರು ತಾನೇ, ಅದನ್ನೇನು ಬರೆಯೋದು! ಆ 1600 ಮೀಟರ್ ಇಳಿಜಾರು ಇಳಿದವರನ್ನು ಮಂಗಳವಾರ ಆಫೀಸಿನಲ್ಲಿ ಸುಲಭವಾಗಿ ಗುರುತಿಸಬಹುದು. ಮೆಟ್ಟಿಲನ್ನು ಹಿಮ್ಮುಖವಾಗಿ ಇಳಿಯುತ್ತಿರುತ್ತಾರೆ.

ಕುಕ್ಕೆ ಕಡೆಯಿಂದ ಹತ್ತಿದರೆ ಮೊದಲು ಕಾಡು, ಏರು ಮೇಲೆ ಏರು. ಕಾಡು ಮುಗಿಯುವ ಹೊತ್ತಿಗೆ ಗಿರಿಗದ್ದೆಯ ಭಟ್ಟರ ಮನೆ ಸಿಗುತ್ತದೆ. ಅನ್ನ, ಸಾಂಬಾರು, ಮಜ್ಜಿಗೆ. ಆ ಅಂಗಳ ನೋಡಬೇಕು ನೀವು. 'ಮಾಡರೇಟ್' ಜನ ಸಾಲಾಗಿ ಅಂಗಾತ ಬಿದ್ದಿರುತ್ತಾರೆ. ಜಿಮ್ಮಿಗೆ ಹೋಗಲೆಂದು ಕೊಂಡ ಬಿಳಿ ಶೂ ಒಂದರ ಅಟ್ಟೆ ಮುಂದುಗಡೆ ಬಾಯಿ ಬಿಟ್ಟಿದೆ, ಒಳಗಿನಿಂದ ಕಾಲ್ಚೀಲ ಇಣುಕುತ್ತಿದೆ. ಅದರ ಒಡೆಯ ಆಫೀಸಿನ ಐಡಿ ಕಾರ್ಡ್ ಟ್ಯಾಗನ್ನು ಎರಡು ಸುತ್ತು ಸುತ್ತಿ ಶೂ ಕಟ್ಟುತ್ತಿದ್ದಾನೆ. ಕಾರ್ಡಿನಲ್ಲಿರುವ ಅವನದೇ ಫೋಟೋ ನಗುತ್ತಾ ಹಿಮ್ಮಡಿಯ ಹತ್ತಿರ ನೇತಾಡುತ್ತಿದೆ. ಅಲ್ಲೇ ನಿಂತ ಊರಿನವರೊಬ್ಬರನ್ನು ಕೇಳುತ್ತಾನೆ:

"ಅಂಕಲ್, ಆ ಕಾಣೋದೇ ಪೀಕಾ?"

"ಅಲ್ಲ ಮಾರಾಯ್ರೇ, ಅದು ಶೇಷ ಪರ್ವತ. ಕುಮಾರ ಪರ್ವತ ಅದರ ಆಚೆ ಉಂಟು. ಇದನ್ನು ಹತ್ತಿ, ಸ್ವಲ್ಪ ಇಳಿದು, ಮತ್ತೆ ಹತ್ತಬೇಕು."

"ಮತ್ತೆ ಯಾಕೆ ಇಳಿಸ್ತಾರೆ?"

ಈ ಪ್ರಶ್ನೆಗೆ ಉತ್ತರ ಯಾರ ಹತ್ತಿರವೂ ಇಲ್ಲ. ದೇವರು ಬೆಟ್ಟ ಮಾಡುವಾಗ ಕಸ್ಟಮರ್ ಫೀಡ್‌ಬ್ಯಾಕ್ ತಗೊಂಡಿರಲಿಲ್ಲ.

2024ರ ಗಣರಾಜ್ಯೋತ್ಸವ ಶುಕ್ರವಾರ ಬಂತು. ಶುಕ್ರವಾರ, ಶನಿವಾರ, ಭಾನುವಾರ, ಮೂರು ರಜೆ ಸಾಲಾಗಿ. ನಾಡಿನ ಹೊಸಬರೆಲ್ಲ ಒಂದೇ ಸಲ ಒಂದೇ ದಾರಿ ಆರಿಸಿದರು. ಸಾವಿರಗಟ್ಟಲೆ ಜನ ಕುಮಾರ ಪರ್ವತದ ದಾರಿಯಲ್ಲಿ ಒಬ್ಬರ ಬೆನ್ನಿಗೊಬ್ಬರು ನಿಂತ ಚಿತ್ರ ಊರೆಲ್ಲ ಓಡಾಡಿತು. ಏಕಾಂತ ಹುಡುಕಿಕೊಂಡು ಸಿಲ್ಕ್ ಬೋರ್ಡ್ ಬಿಟ್ಟು ಹೋದವರಿಗೆ ಕಾಡಿನೊಳಗೇ ಸಿಲ್ಕ್ ಬೋರ್ಡ್ ಸಿಕ್ಕಿತು. ಹಾರ್ನ್ ಒಂದು ಇರಲಿಲ್ಲ, ಆ ಕೊರತೆಯನ್ನು ಬ್ಲೂಟೂತ್ ಸ್ಪೀಕರ್ ಇಟ್ಟುಕೊಂಡವರು ನೀಗಿಸಿದರು.

ಸರ್ಕಾರವೂ ಸುಮ್ನೆ ಕೂರಲಿಲ್ಲ. ಅರಣ್ಯ ಸಚಿವ ಈಶ್ವರ ಖಂಡ್ರೆ ಅವರು ಆನ್‌ಲೈನ್ ಬುಕಿಂಗ್ ಇಲ್ಲದ ಕಡೆಯೆಲ್ಲ ಚಾರಣ ತಾತ್ಕಾಲಿಕವಾಗಿ ಬಂದ್ ಮಾಡಿಸಿದರು. ನೂಕುನುಗ್ಗಲು ಒಂದು ಬೆಟ್ಟದಲ್ಲಿ, ಬಾಗಿಲು ಹಾಕಿದ್ದು ಹತ್ತಾರು ಬೆಟ್ಟಕ್ಕೆ. ಅದೇ ವರ್ಷ ಅಕ್ಟೋಬರ್‌ನಲ್ಲಿ ಚಾರಣಕ್ಕೆ ಬುಕ್ ಮಾಡಲು 'ಅರಣ್ಯ ವಿಹಾರ' ಅನ್ನುವ ಜಾಲತಾಣ ಬಂತು. ಒಂದು ದಾರಿಗೆ ದಿನಕ್ಕೆ 300 ಜನಕ್ಕಿಂತ ಜಾಸ್ತಿ ಬಿಡೋದಿಲ್ಲ ಅಂದರು. ಮಿತಿ ಹಾಕಿದ್ದು ಸರಿಯೇ, ಕಾಡಿಗೂ ಉಸಿರಾಡಲು ಜಾಗ ಬೇಕಲ್ವಾ. ಆದರೆ ನಮ್ಮವರು ಅದನ್ನೂ ಒಳ್ಳೆಯ ಸ್ಪರ್ಧೆ ಮಾಡಿಕೊಂಡರು. ಈಗ ದಾರಿಯನ್ನು ಕಾಲೂ ಆರಿಸುವುದಿಲ್ಲ, ರೀಲ್ಸೂ ಆರಿಸುವುದಿಲ್ಲ. ಶನಿವಾರಕ್ಕೆ ಯಾವ ಬೆಟ್ಟದಲ್ಲಿ ಸ್ಲಾಟ್ ಖಾಲಿ ಇದೆಯೋ ಅದೇ ನಮ್ಮ ಕನಸಿನ ಬೆಟ್ಟ. "ಕುದುರೆಮುಖ ಫುಲ್ ಆಗಿದೆ, ಬೇರೆ ಯಾವುದೋ ಒಂದಿದೆ, ಬುಕ್ ಮಾಡ್ಲಾ?" "ಮಾಡು ಮಗಾ, ಬೆಟ್ಟ ತಾನೇ." ಹೆಣ್ಣು ಗಂಡು ನೋಡುವಾಗಲೂ ಇದಕ್ಕಿಂತ ಜಾಸ್ತಿ ವಿಚಾರಿಸುತ್ತಾರೆ.

ಕೊಡಚಾದ್ರಿಗೆ ಜೀಪಿನಲ್ಲಿ ಹೋಗಿ ಬಂದವರ ಬಗ್ಗೆ ನಾನು ಏನೂ ಹೇಳುವುದಿಲ್ಲ. ಆ ಜೀಪಿನಲ್ಲಿ ಕೂತು ಬರೋದು ನಡೆಯುವುದಕ್ಕಿಂತ ಕಷ್ಟ. ಅವರು 'ಟ್ರೆಕ್ ಮುಗಿಸಿದೆ' ಅಂತ ಸ್ಟೇಟಸ್ ಹಾಕಿಕೊಂಡರೆ ಹಾಕಿಕೊಳ್ಳಲಿ. ಮೈಕೈ ನೋವು ಸಮಾನವಾಗಿಯೇ ಇರುತ್ತದೆ.

ಇದೆಲ್ಲ ನೋಡಿ ನಮ್ಮ ಅಪಾರ್ಟ್‌ಮೆಂಟಿನ ಹುಡುಗನೊಬ್ಬನಿಗೆ ನಾನು ಶಿವಗಂಗೆ ಹೇಳಿದೆ. ತುಮಕೂರು ರಸ್ತೆಯಲ್ಲಿ ದಾಬಸ್‌ಪೇಟೆ ಹತ್ತಿರ, ಬೆಳಗ್ಗೆ ಹೋಗಿ ಮಧ್ಯಾಹ್ನ ಊಟಕ್ಕೆ ಮನೆಗೆ ಬರಬಹುದು. ಬಂಡೆ ಇದೆ, ಕಡಿದಾದ ಏರಿದೆ, ಕೆಲವು ಕಡೆ ಕಂಬಿ ಹಿಡಿದೇ ಹತ್ತಬೇಕು. ನಡುವೆ ಒಳಕಲ್ಲು ತೀರ್ಥ, ಕಲ್ಲಿನ ತೂತಿಗೆ ಕೈ ಹಾಕಿದಾಗ ನೀರು ಸಿಕ್ಕಿದರೆ ಪುಣ್ಯವಂತ ಅಂತ ನಂಬಿಕೆ. ಮೇಲೆ ಕಲ್ಲಿನ ನಂದಿ. ಬರಿಗಾಲಲ್ಲಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಕೈಯಲ್ಲಿ ಹಣ್ಣುಕಾಯಿ ಚೀಲ ಹಿಡಿದ ಅಜ್ಜಿಯರು ನಿಮ್ಮನ್ನು ಹಿಂದೆ ಹಾಕಿ ಹೋಗುತ್ತಾರೆ. ಅವರ ಹಿಂದೆ ಎಷ್ಟು ದೂರ ಹೋಗಲು ಆಗುತ್ತದೆ ಅಂತ ನೋಡಿಕೊಂಡರೆ ಕುಮಾರ ಪರ್ವತಕ್ಕೆ ಈ ವರ್ಷ ಹೋಗಬೇಕೋ ಮುಂದಿನ ವರ್ಷವೋ ಅಂತ ಗೊತ್ತಾಗುತ್ತದೆ.

ಹುಡುಗ ಮುಖ ಸಿಂಡರಿಸಿದ. "ಅಲ್ಲಿ ಮೆಟ್ಟಿಲಿವೆ ಅಂಕಲ್. ಮೆಟ್ಟಿಲಿದ್ರೆ ಟ್ರೆಕ್ ಹೇಗಾಗುತ್ತೆ? ನಮ್ಮ ಅಪಾರ್ಟ್‌ಮೆಂಟಲ್ಲೂ ಮೆಟ್ಟಿಲಿವೆ."

"ಹತ್ತೀಯೇನಪ್ಪ ಅದನ್ನ?"

"ಇಲ್ಲ ಅಂಕಲ್, ಲಿಫ್ಟ್ ಇದೆಯಲ್ಲ."