ಸತ್ಯಾಂಶ: ಲಿಂಬೆರಸ ಸೀರಮ್ ಆಗಲ್ಲ

"ಕಡಲೆಹಿಟ್ಟಿಗೆ ಲಿಂಬೆರಸ ಕಲಸಿ ಮುಖಕ್ಕೆ ಹಚ್ಚಿ, ವಿಟಮಿನ್ ಸಿ ಸೀರಮ್ ಬೇಕಾಗಿಲ್ಲ" ಅನ್ನೋ ಮೆಸೇಜ್ ವಿಜಯಪುರದ ಗ್ರೂಪ್‌ಗಳಲ್ಲಿ ಓಡಾಡುತ್ತಿದೆ. ಸೀರಮ್ ಅಂದರೆ ಮುಖಕ್ಕೆ ಹಚ್ಚಿ ಹಾಗೇ ಬಿಡುವ ತೆಳು ದ್ರವ. ನಮ್ಮ ಇಂಡಿ ತಾಲ್ಲೂಕಿನ ಲಿಂಬೆಗೆ ಜಿಐ ಟ್ಯಾಗ್ (ಬೆಳೆದ ಊರಿನ ಹೆಸರಿಗೆ ಸಿಗುವ ಅಧಿಕೃತ ಗುರುತು) ಇದೆ, ಹೆಮ್ಮೆಯೂ ಇದೆ. ಆದರೆ ಅದು ಊಟಕ್ಕೆ, ಮುಖಕ್ಕಲ್ಲ.

100 ಗ್ರಾಂ ಲಿಂಬೆರಸದಲ್ಲಿ ವಿಟಮಿನ್ ಸಿ ಸುಮಾರು 30 ಮಿಲಿಗ್ರಾಂ, ಅಂದರೆ ಶೇ 0.03. ಸೀರಮ್‌ನಲ್ಲಿ ಸಾಮಾನ್ಯವಾಗಿ ಶೇ 10ರಿಂದ 20. ಹಚ್ಚಿದಾಗ ಚುರುಗುಟ್ಟುವುದು ಸಿಟ್ರಿಕ್ ಆಮ್ಲದಿಂದ. ಅದನ್ನು ಗುಣ ಅಂದುಕೊಳ್ಳಬೇಡಿ.

ದೊಡ್ಡ ತೊಂದರೆ ನಮ್ಮ ಬಿಸಿಲಿನದು. ಲಿಂಬೆಯಲ್ಲಿ, ಸಿಪ್ಪೆಯಲ್ಲಂತೂ ಜಾಸ್ತಿ, ಫ್ಯುರಾನೊಕೌಮರಿನ್ ಎಂಬ ಅಂಶವಿದೆ. ಅದು ತಾಗಿದ ಜಾಗಕ್ಕೆ ಬಿಸಿಲು ಬಿದ್ದರೆ ಚರ್ಮ ಸುಡುತ್ತದೆ. ಒಂದೆರಡು ದಿನದಲ್ಲಿ ಕೆಂಪು, ಬೊಬ್ಬೆ. ಆಮೇಲೆ ಕಂದು ಕಲೆ, ಕೆಲವೊಮ್ಮೆ ತಿಂಗಳುಗಟ್ಟಲೆ. ಶರಬತ್ತಿಗೆ ಹಿಂಡುವಾಗ ರಸ ಮೊಣಕೈಗೆ ಇಳಿದಿದ್ದರೆ, ಅದು ಹರಿದ ದಾರಿಯಲ್ಲೇ ಗೆರೆ ಮೂಡುವುದುಂಟು. ಕಲೆ ಹೋಗಲಿ ಅಂತ ಹಚ್ಚಿ ಕಲೆ ತರಿಸಿಕೊಳ್ಳೋದು ಬೇಕಾ?

ಕಡಲೆಹಿಟ್ಟು, ಮುಲ್ತಾನಿ ಮಿಟ್ಟಿಯಂಥ ಮಾಸ್ಕ್ (ಮುಖದ ಲೇಪ) 10-15 ನಿಮಿಷ ಇದ್ದು ತೊಳೆದುಹೋಗುತ್ತದೆ. ಮುಲ್ತಾನಿ ಮಿಟ್ಟಿ ಜಿಡ್ಡು ಹೀರುತ್ತದೆ, ವಾರಕ್ಕೊಮ್ಮೆ ಸಾಕು. ಸೀರಮ್ ಚರ್ಮದ ಮೇಲೆ ಉಳಿದೇ ಕೆಲಸ ಮಾಡುತ್ತದೆ, ಅದಕ್ಕೆ ಕಲೆಯ ಚಿಂತೆ ಇದ್ದವರಿಗೆ ಅದೇ ಮೇಲು. ಒಂದಕ್ಕೇ ದುಡ್ಡಿದ್ದರೆ ಮೊದಲು ಸನ್‌ಸ್ಕ್ರೀನ್ ತಗೊಳ್ಳಿ. ಲಿಂಬೆ ಈಗಾಗಲೇ ಹಚ್ಚಿದ್ದೀರಾ? ಸೋಪು ಹಾಕಿ ತೊಳೆದು ನೆರಳಲ್ಲಿರಿ. ಬೊಬ್ಬೆ ಬಂದರೆ ಚರ್ಮದ ಡಾಕ್ಟರಿಗೆ ತೋರಿಸಿ.